ವ್ಯಾನಪ್ರಸ್ಥಕ್ಕೊಂದು ಹೀಟರು

ನಡುವಯಸ್ಸು ದಾಟಿದ ಗೃಹಸ್ಥನಿಗೆ ಶಾಸ್ತ್ರದಲ್ಲಿ ವಾನಪ್ರಸ್ಥ ಹೇಳಿದೆ. ನಮ್ಮ ಕಾಂದಿವಲಿಯ ಹಿಂದೆ ವನವೇನೋ ಇದೆ. ಆದರೆ ಅಲ್ಲಿಯ ಜಾಗವೆಲ್ಲ ಚಿರತೆಗಳಿಗೆ ಮೊದಲೇ ಅಲಾಟ್ ಆಗಿಬಿಟ್ಟಿದೆ. ಆದ್ದರಿಂದ ನಾನು ವ್ಯಾನಪ್ರಸ್ಥ ಸ್ವೀಕರಿಸಿದೆ! ಸ್ವಂತ ಕೈಯಿಂದ ಕಟ್ಟಿದ ಮನೆಯನ್ನು ಸ್ವಂತ ಕೈಯಿಂದಲೇ ಓಡಿಸಿಕೊಂಡು ಹೋಗುವ ಮೊದಲ ಮುಂಬಯಿಕರ ನಾನೇ ಆಗುತ್ತೇನೆಂದು ಇಡೀ ಬಿಲ್ಡಿಂಗಿಗೆ ಸಾರಿದೆ.

ಬೇಕರಿಯವನೊಬ್ಬ ಕೈಬಿಟ್ಟ ಪಾವಿನ ವ್ಯಾನನ್ನು ತಂದು ಕಂಪೌಂಡಿನಲ್ಲಿ ನಿಲ್ಲಿಸಿದೆ. ಒಳಗೆ ಮಡಚುವ ಮಂಚ, ಸ್ಟೋವಿಗೆ ಕಟ್ಟೆ, ಕಿಟಕಿಗೆ ಹೂವಿನ ಪರದೆ ಎಲ್ಲವನ್ನೂ ನಾನೇ ಜೋಡಿಸಿದೆ. ಗುರಿ, ಡಿಸೆಂಬರಿನ ಮಹಾಬಳೇಶ್ವರ! ಮದುವೆಯಾದ ಹೊಸದರಲ್ಲಿ ಹೆಂಡತಿ ಚಂಪಾಳಿಗೆ ಕೊಟ್ಟ ಮಾತು ಅದು. ಮಾತು ಹಳತಾಯಿತು, ಚಂಪಾಳ ಮೊಣಕಾಲುಗಳೂ ಹಳತಾದವು.

"ಥಂಡ್ಯಾಗ ನಾ ಬರಂಗಿಲ್ಲರೀ," ಎಂದಳು. "ರಾತ್ರಿ ಪೂರ್ತಿ ಈ ಡಬ್ಬಿ ಬೆಚ್ಚಗಿರ್ತದಂತ ತೋರಸ್ರಿ, ಬರ್ತೀನಿ. ಇಲ್ಲಂದ್ರ ನೀವೊಬ್ರ ಹೋಗಿ ಪಾವ್ ಮಾರ್ಕೊಂಡು ಬರ್ರಿ."

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ 'ಮನಸ್ಸಿದ್ದರೆ ಮಾರ್ಗ' ಎಂಬುದನ್ನು ಬೆತ್ತದ ಸಹಾಯದಿಂದ ಕಲಿಸಿದ್ದರು. ಹಳೆಯ ಹಡಗುಗಳನ್ನು ಒಡೆಯುವ ದಾರೂಖಾನಾಕ್ಕೆ ಹೋಗಿ, ಯಾವುದೋ ಚಳಿದೇಶದ ಬೋಟಿನಿಂದ ಕಿತ್ತ ಡೀಸೆಲ್ ಹೀಟರೊಂದನ್ನು ಹೊತ್ತು ತಂದೆ. ಲೋಕಲ್ ಟ್ರೇನಿನಲ್ಲಿ ಅದನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬರುವಾಗ ಜನ ಎದ್ದು ದೂರ ನಿಂತರು. ಡಬ್ಬಿಯಿಂದ ಡೀಸೆಲ್ ಕುಡಿಯುತ್ತದೆ, ಅದರ ಪಂಖಾ ಗಾಡಿಯ ಬ್ಯಾಟರಿಯಿಂದ ತಿರುಗುತ್ತದೆ, ಬಿಸಿಗಾಳಿ ಒಳಗೆ, ಹೊಗೆ ಕೊಳವೆಯಿಂದ ಹೊರಗೆ. ಇಷ್ಟೇ! ನಾನೇ ಕೂಡಿಸಿದೆ. ಸ್ಕ್ರೂಗಳು ಸ್ವಲ್ಪ ಉಳಿದವು. ಅದನ್ನು ಉಳಿತಾಯ ಎಂದುಕೊಂಡೆ.

ಉದ್ಘಾಟನೆ ಮಹಾನವಮಿಯಂದು. ಆಯುಧಕ್ಕೆಲ್ಲ ಪೂಜೆ ನಡೆಯುವ ದಿನ ಹೀಟರು ಬಿಟ್ಟರೆ ಹೇಗೆ? ಅತ್ತೆ ರುದ್ರವ್ವ ಧಾರವಾಡದಿಂದ ಹಬ್ಬಕ್ಕೆ ಬಂದಿದ್ದರು. ಹೀಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದರು. ಉಳಿದದ್ದು ಅಂಗೈಯಗಲದ ಒಂದು ಚೆಂಡುಹೂವು.

"ಇದನ್ನೆಲ್ಲಿ ಇಡೂಣು ಅಳಿಯಂದ್ರ?"

ನೋಡಿದೆ. ಹೊಗೆಯ ಕೊಳವೆಯ ಬಾಯಿ ಹೇಳಿ ಮಾಡಿಸಿದ ಹೂದಾನಿಯಂತೆ ಕಂಡಿತು. "ಇಲ್ಲಿ ಕೊಡ್ರಿ ಅತ್ತೆವ್ವ" ಎಂದು ಬಿಗಿಯಾಗಿ ತುರುಕಿದೆ. ಎಂಥ ಶೋಭೆ! ಸ್ವಿಚ್ಚು ಒತ್ತಿದೆ.

ಹೀಟರು ಮೊದಲು ಕೆಮ್ಮಿತು. ಆಮೇಲೆ ನರಳಿತು. ಹೊರಗೆ ಹೋಗಬೇಕಾದ ಹೊಗೆ ಮನಸ್ಸು ಬದಲಿಸಿ ಒಳಗೇ ಬಂತು. ಅಷ್ಟರಲ್ಲಿ 'ಢಂ!' ಎಂಬ ಶಬ್ದ. ಚೆಂಡುಹೂವು ನಿಜವಾಗಿಯೂ ಚೆಂಡಾಗಿ ಹಾರಿ, ಮಡಿ ಧೋತರ ಉಟ್ಟು ಮೆಟ್ಟಿಲಿಳಿಯುತ್ತಿದ್ದ ಬಿಲ್ಡಿಂಗಿನ ಸೆಕ್ರೆಟರಿ ಚನ್ನಬಸಯ್ಯನವರ ಹೊಟ್ಟೆಗೆ ಬಡಿಯಿತು. ಹಿಂದೆಯೇ ಹೋದ ಮಸಿ ಧೋತರದ ಮೇಲೆ ಉಳಿದ ಅಲಂಕಾರ ಮಾಡಿತು.

"ಇದು ಗಾಡಿ ಅಲ್ಲ, ತೋಪು!" ಅಯ್ಯನವರು ಗುಡುಗಿದರು. "ನಾಳೆ ದಸರಾ. ಬನ್ನಿ ಹಂಚೂದ್ರಾಗ ಇದು ಗೇಟು ದಾಟಿರಬೇಕು. ದಾಟಲಿಲ್ಲೋ, ಭಂಗಾರಿನವನ್ನ ಕರದು ತೂಕಕ್ಕ ಹಾಕಿಸ್ತೀನಿ!"

ಮುಂಬಯಿಯಲ್ಲಿ ಗುಜರಿಗೆ ಭಂಗಾರ ಎನ್ನುತ್ತಾರೆ. ಅಂದರೆ ಊರೆಲ್ಲ ಬನ್ನಿ ಕೊಟ್ಟು ಬಂಗಾರ ಎನ್ನುವ ದಿನ ನನ್ನ ಕನಸು ಮಾತ್ರ ಭಂಗಾರ! "ದಾಟತೈತ್ರಿ! ಸೀಮೋಲ್ಲಂಘನಾ ಮಾಡೇ ಮಾಡತೈತಿ!" ಎಂದು ನಾನೂ ಗುಡುಗಿದೆ. ಗುಡುಗಿಗೆ ಯಾವ ಪರವಾನಗಿಯೂ ಬೇಕಿಲ್ಲ.

ಅಷ್ಟರಲ್ಲಿ, ಹೂವು ಹಾರಿಹೋದದ್ದೇ ತಡ, ಹೀಟರು ಹದಕ್ಕೆ ಬಂದಿತ್ತು! ಮೊದಲೇ ಅಕ್ಟೋಬರಿನ ಸೆಕೆ. ವ್ಯಾನಿಗೆ ತನ್ನ ಬೇಕರಿಯ ದಿನಗಳು ನೆನಪಾದವು.

"ಆತಲ್ಲ, ಆರಸ್ರಿ ಸಾಕು," ಎಂದಳು ಚಂಪಾ.

"ಆರಸೂದಿಲ್ಲ! ರಾತ್ರಿ ಪೂರ್ತಿ ಬೆಚ್ಚಗಿರಬೇಕು ಅಂದಾಕಿ ಯಾರು?"

"ಈಗ ರಾತ್ರಿ ಎಲ್ಲೈತ್ರಿ? ಮಟಮಟ ಮಧ್ಯಾಹ್ನ!"

"ಮಧ್ಯಾಹ್ನ ತಡಕೊಂಡದ್ದು ರಾತ್ರಿ ತಡಕೊಳ್ಳೂದಿಲ್ಲೇನು?"

ಸ್ವೆಟರು ಹಾಕಿ, ಮಫ್ಲರು ಸುತ್ತಿ, ಪರದೆ ಎಳೆದು ಮಂಚದ ಮೇಲೆ ಕೂತೆ. ಮಹಾಬಳೇಶ್ವರವೇ ಬಂದಿದೆ ಎಂದು ಭಾವಿಸಿದೆ. ಭಾವನೆ ಬೇಗ ಆವಿಯಾಯಿತು. ಅತ್ತೆ ಕಿಟಕಿಯಿಂದ ಇಣುಕಿದರು.

"ಅಯ್ಯ ಶಿವನ! ಅಳಿಯಂದ್ರ, ಬೆವರು ಧಾರಿ ಇಳ್ಯಾಕ್ಹತ್ತೇದ!"

"ಇದು ಬೆವರಲ್ಲ ಅತ್ತೆವ್ವ, ಆನಂದಬಾಷ್ಪ!"

"ಚಂಪಾ, ನಿನ್ನ ಗಂಡ ಮೈಯೆಲ್ಲಾ ಅಳಾಕ್ಹತ್ಯಾರ ನೋಡ!"

ಸಂಜೆಯ ಹೊತ್ತಿಗೆ ಡೀಸೆಲ್ ಡಬ್ಬಿ ಬರಿದಾಯಿತು, ನಾನು ಆಗಲಿಲ್ಲ! ಆಮೇಲೂ ಹಟಕ್ಕೆಂದು ಪಂಖಾ ತಿರುಗಿಸುತ್ತಲೇ ಕೂತೆ. ಕೊನೆಗೆ ಚಂಪಾ ಬಾಗಿಲು ಬಡಿದಳು. "ಗೆದ್ರಿ ಮಾರಾಯ್ರ. ಬರ್ತೀನಿ ಮಹಾಬಳೇಶ್ವರಕ್ಕ. ಮೊದಲ ಹೊರಗ ಬರ್ರಿ, ಹಪ್ಪಳಾಗ್ತೀರಿ!"

ವಿಜಯ ನನ್ನದು! ದಶಮಿಗೂ ಮೊದಲೇ ವಿಜಯ!

ಮರುದಿನ ಅತ್ತೆಯನ್ನೂ ಚಂಪಾಳನ್ನೂ ರೇಷ್ಮೆ ಸೀರೆ ಸಮೇತ ವ್ಯಾನಿನಲ್ಲಿ ಕೂಡಿಸಿದೆ. ಬಿಲ್ಡಿಂಗಿನವರೆಲ್ಲ ಗ್ಯಾಲರಿಗಳಲ್ಲಿ ನೆರೆದರು. ಚನ್ನಬಸಯ್ಯನವರು ಹೊಸ ಧೋತರ ಉಟ್ಟು, ಕೈಯಲ್ಲಿ ಬನ್ನಿ ಹಿಡಿದು, ಕೊಳವೆಯಿಂದ ದೂರದಲ್ಲಿ ನಿಂತರು. ನಾನು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ಕೀಲಿ ತಿರುಗಿಸಿದೆ.

'ಟಕ್.'

ಮತ್ತೆ ತಿರುಗಿಸಿದೆ. ಈ ಸಲ ಟಕ್ ಕೂಡ ಇಲ್ಲ.

"ಏನಾತ್ರಿ?" ಎಂದರು ಅಯ್ಯನವರು. ಅವರ ದನಿಯಲ್ಲಿ ಭಂಗಾರಿನವನ ತಕ್ಕಡಿ ಕಿಣಿಗುಟ್ಟಿತು.

ಮಧ್ಯಾಹ್ನವೆಲ್ಲ ಪಂಖಾ ತಿರುಗಿಸಿದ ಬ್ಯಾಟರಿ ಸ್ವರ್ಗಸ್ಥವಾಗಿತ್ತು! ನನ್ನ ಆನಂದಬಾಷ್ಪದ ಜೊತೆಗೇ ಅದರ ಪ್ರಾಣವೂ ಹರಿದುಹೋಗಿತ್ತು. ಆದರೂ ನಾನು ಬಗ್ಗಲಿಲ್ಲ. ಕೆಳಗಿಳಿದು ಸಾರಿದೆ: "ಸೀಮೆ ದಾಟಬೇಕು ಅಂತ ಶಾಸ್ತ್ರ ಹೇಳೇದ. ಎಂಜಿನ್ ಚಾಲೂ ಇರಬೇಕು ಅಂತ ಎಲ್ಲೂ ಹೇಳಿಲ್ಲ!"

ಬಗ್ಗಲಿಲ್ಲ ಎಂದೆನಲ್ಲ, ಮರುಗಳಿಗೆಯೇ ಬಗ್ಗಿದೆ. ವ್ಯಾನಿನ ಬೆನ್ನಿಗೆ ಭುಜ ಕೊಡಲು. ಬಿಲ್ಡಿಂಗಿನ ಗಂಡಸರು ಕೈಜೋಡಿಸಿದರು. "ಜೋರ್ ಲಗಾಕೇ... ಹೈಶಾ!" ಚನ್ನಬಸಯ್ಯನವರೂ ಕೊನೆಗೆ ಬನ್ನಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನೂಕಿದರು. ಒಳಗೆ ಅತ್ತೆ ಪಲ್ಲಕ್ಕಿಯ ದೇವಿಯಂತೆ ಕೂತು ಎರಡೂ ಬದಿಗೆ ಕೈಮುಗಿದರು. ಗೇಟು ದಾಟಿತು!

ನಾನು ಏದುಸಿರು ಬಿಡುತ್ತ ತಲೆಯೆತ್ತಿದೆ. ಅಂಗಿ ಮೈಗಂಟಿತ್ತು, ಕಿವಿ ಕೆಂಪಾಗಿತ್ತು, ಮೈಯೆಲ್ಲ ಕಾದ ಹಂಚು. ಚಂಪಾ ಹೂವಿನ ಪರದೆ ಸರಿಸಿ ನೋಡಿದಳು.

"ಮಾತು ಕೊಟ್ಟೀನಿ, ಬಂದೇ ಬರ್ತೀನಿ," ಎಂದಳು. "ಆದ್ರ ಆ ಹೀಟರ್ ಇಲ್ಲೇ ಇಳಿಸ್ರಿ. ಮಹಾಬಳೇಶ್ವರದ ತನಕಾ ಹಿಂಗ ನೂಕ್ಕೋತ ಬಂದ್ರ, ರಾತ್ರಿ ಪೂರ್ತಿ ನೀವ ಬೆಚ್ಚಗಿರ್ತೀರಿ. ನಿಮ್ಮ ಮಗ್ಗಲಕ ನಾ ಮಲ್ಕೋತೀನಿ!"