ಅಕ್ಕನ ಸೊಂಟದ ಮೊಳೆ

ಮೂಳೆ ಮುರಿದ ಮನೆಯಲ್ಲಿ ನಗು ಬರುವುದು ವಿಚಿತ್ರ. ಆದರೂ ನಮ್ಮಲ್ಲಿ ಬರುತ್ತಲೇ ಇತ್ತು. ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ.

೧. ಬಿದ್ದ ದಿನ

ಅಂದು ಮಂಗಳವಾರ. ಜಂಗಮಕೋಟೆಯ ಶಾಲೆಯಲ್ಲಿ ದಶಾಂಶದ ಭಾಗಾಕಾರ ಹೇಳಿಕೊಡುತ್ತಿದ್ದೆ. ನನ್ನನ್ನು ಸಾಕಿ ಬೆಳೆಸಿದ ಅಕ್ಕ, ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗ ಜಾರಿ ಬಿದ್ದಳು. ನಾನು ಓಡಿ ಬಂದಾಗ ನೆಲದ ಮೇಲೇ ಇದ್ದಳು. ಬಲಗಾಲು ಹೊರಕ್ಕೆ ತಿರುಗಿ, ಎಡಗಾಲಿಗಿಂತ ಒಂದು ಅಂಗುಲ ಗಿಡ್ಡವಾಗಿ ಕಾಣುತ್ತಿತ್ತು. ಸುತ್ತ ನೆರೆಯ ಹೆಂಗಸರು ಗೋಳೋ ಎಂದು ಅಳುತ್ತಿದ್ದರು.

"ಅಳೋರೆಲ್ಲ ಆಚೆ ಹೋಗ್ರೇ," ಎಂದಳು ಅಕ್ಕ. "ಹುಳು ಮೇಯ್ತಾ ಅವೆ."

೨. ಆರು ಮೊಟ್ಟೆ

ಕೆಂಚಾರ್ಲಹಳ್ಳಿಯಿಂದ ಮೂಳೆ ಕಟ್ಟುವವರು ಬಂದರು. ಪಟ್ಟು ಹಾಕಲು ಉದ್ದಿನ ಹಿಟ್ಟು, ಬಿದಿರ ದಬ್ಬೆ, ಆರು ಮೊಟ್ಟೆ ತರಿಸಿದರು. ಆಮೇಲೆ ಎಡಗಾಲನ್ನು ಮುಟ್ಟಿ ನೋಡತೊಡಗಿದರು.

"ಅದು ಚೆನ್ನಾಗೈತಪ್ಪ. ಇನ್ನೊಂದು ಕಾಲು."

"ಗೊತ್ತಮ್ಮ. ಅಳತೆ ಇದ್ರಲ್ಲೇ ಸಿಗೋದು."

ಬಲಗಾಲು ನೋಡಿದವರೇ ಕೈ ತೆಗೆದರು. "ಅಯ್ಯೋ ದ್ಯಾವುಡಾ! ಸೊಂಟದ ಕೀಲು ಮುರಿದೈತೆ. ನನ್ನ ಕಟ್ಟಿಗೆ ಸಿಗಲ್ಲ. ಬೆಂಗಳೂರಿಗೆ ಕರ್ಕೊಂಡೋಗಿ ಮೇಷ್ಟ್ರೇ, ಇಲ್ದಿದ್ರೆ ಅಮ್ಮ ಮತ್ತೆ ಎದ್ದು ನಡೆಯಲ್ಲ."

ಅಂಥ ಪ್ರಾಮಾಣಿಕ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. "ಈ ಮೊಟ್ಟೆ ಏನು ಮಾಡೋದು?" ಎಂದೆ.

"ಒಂದಿಷ್ಟು ಈರುಳ್ಳಿ ಹಾಕ್ಸಿ," ಎಂದರು.

೩. ಸಾಬರ ಅಂಗೈ

ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು, ಕಾಲು ಎಳೆದು ಹಿಡಿಯಲೆಂದು ಮಂಚದ ತುದಿಗೆ ಮರಳಿನ ಚೀಲ ತೂಗುಬಿಟ್ಟಿದ್ದರು. ಅಕ್ಕನ ಗೂಡು ಕೊಂಡು ನೂಲು ತೆಗೆಯುವ ಶಿಡ್ಲಘಟ್ಟದ ಸಾಬರು ನೋಡಲು ಬಂದರು. ಗೂಡನ್ನು ಕೈಯಲ್ಲೇ ತೂಗಿ ಅವರಿಗೆ ಅಭ್ಯಾಸ. ಚೀಲದ ಕೆಳಗೆ ಅಂಗೈ ಇಟ್ಟರು.

"ಎಷ್ಟು ಅಂದಿದ್ದಾರೆ ಮೇಷ್ಟ್ರೇ?"

"ಏಳು ಪೌಂಡು."

"ಆರೂವರೆ ಕೂಡ ಇಲ್ಲ."

ನರ್ಸಮ್ಮ ಸಿಡುಕಿದರು. ಸಾಬರು ಬಿಡಲಿಲ್ಲ, ತಕ್ಕಡಿ ಬಂತು. ಚೀಲದ ಹೊಲಿಗೆ ಬಿಟ್ಟು ಮರಳು ಸೋರಿತ್ತು. ಉಳಿದದ್ದು ಆರೂಕಾಲು ಪೌಂಡು.

"ನನ್ನ ಗೂಡಿಗೂ ಹಿಂಗೇ ಕಮ್ಮಿ ಅಂತಿದ್ರಲ್ಲ ಸಾಬ್ರೇ," ಎಂದಳು ಅಕ್ಕ. "ಇವತ್ತು ಮೊದಲ್ನೇ ಸಲ ನಂಬ್ದೆ."

೪. ಸ್ಟೀಲು

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಮುರಿದ ಮೂಳೆಯನ್ನು ಮೊಳೆ ಹೊಡೆದು ಕೂಡಿಸುವುದಾಗಿ ಹೇಳಿದರು.

"ಗೋಡೆಗೆ ಹೊಡ್ದಂಗಾ?"

"ಹೆಚ್ಚುಕಮ್ಮಿ ಹಂಗೇ ಅಮ್ಮ."

"ತುಕ್ಕು ಹಿಡಿಯಲ್ವಾ?"

"ಇಲ್ಲಮ್ಮ. ಸ್ಟೇನ್‌ಲೆಸ್ ಸ್ಟೀಲು."

ಅಕ್ಕ ನನ್ನ ಕಡೆ ತಿರುಗಿದಳು. "ಮನೆಗೊಂದು ಸ್ಟೀಲ್ ಲೋಟ ತರೋಕೆ ನಿನ್ ಕೈಲಾಗ್ಲಿಲ್ಲ. ನೋಡು, ಸೊಂಟಕ್ಕೇ ಬಂತು ಕಣೋ!"

ಆಪರೇಷನ್ ಆದ ಐದನೆಯ ತಿಂಗಳು ಕೋಲು ಹಿಡಿದು ಹುಳುಮನೆಗೆ ನಡೆದಳು. ಬಂದವರಿಗೆಲ್ಲ ಸೊಂಟ ತಟ್ಟಿ, "ಒಳಗೆ ಸ್ಟೀಲೈತೆ," ಎನ್ನುತ್ತಿದ್ದಳು. ಅವರು ಹೋದ ಮೇಲೆ ಮೆಲ್ಲಗೆ ನನ್ನನ್ನು ಕೇಳುವಳು:

"ನಿಜವಾಗ್ಲೂ ತುಕ್ಕು ಹಿಡಿಯಲ್ವೇನೋ? ನೀನಾದ್ರೂ ನೋಡಿ ಹೇಳು."

"ಒಳಗಿರೋದನ್ನ ಹೆಂಗೆ ನೋಡ್ಲಿ ಅಕ್ಕ?"

"ಮೇಷ್ಟ್ರಲ್ವಾ, ಯೋಚ್ನೆ ಮಾಡು."

ಒಂಬತ್ತು ವರ್ಷ ನಡೆದಳು. ಹೋದ ತಿಂಗಳು, ದಹನದ ಮೂರನೆಯ ದಿನ ಅಸ್ಥಿ ಆರಿಸುವಾಗ ಬೂದಿಯಲ್ಲಿ ಮೊಳೆ ಸಿಕ್ಕಿತು.

ತುಕ್ಕು ಹಿಡಿದಿರಲಿಲ್ಲ.