ತಿಪ್ಪೇರುದ್ರನು ವೋಡ್ಕಾ ಮುಟ್ಟದೆ ಗೆದ್ದ ಸಮರ

ಕಲಿಯುಗದ ಕಲಿಗಳಲ್ಲಿ ಕಡುಗಲಿಯಾದ, ಕಬಾಬುಪರಿಮಳಧೂಪಿತಗಾತ್ರನಾದ, ಒಂದೇ ತಟ್ಟೆಯ ಮೇಲೆ ತುಂಬಿದ ಗ್ಲಾಸುಗಳ ಪಡೆಯನ್ನೇ ತುಳುಕದಂತೆ ಹೊರಬಲ್ಲ ಮಹಾಬಾಹುವಾದ ತಿಪ್ಪೇರುದ್ರನ ಕಥೆಯನ್ನು ಹೇಳಹೊರಟಿದ್ದೇನೆ. ತಾಯಿ ವಾಗ್ದೇವಿ, ಮೂಗು ಮುಚ್ಚಿಕೊಂಡಾದರೂ ಸರಿ, ನನ್ನ ನಾಲಿಗೆಯ ಮೇಲೆ ನೆಲೆಸು.

ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ, ಗಜಲಕ್ಷ್ಮಿ ಬಾರ್ ಅಂಡ್ ರೆಸ್ಟೋರೆಂಟ್ ಎಂಬ ಮಂದದೀಪಶೋಭಿತ ಮಂದಿರದಲ್ಲಿ ಅವನು ಸಪ್ಲೈಯರ್. ಹಿಂದೆ ಬೇರೊಂದು ಬಾರಿನಲ್ಲಿ, ಕೆಲಸದ ಹೊತ್ತಿನಲ್ಲಿ ಒಂದು ಗುಟುಕಿಗೆ ಮನಸೋತು ನೌಕರಿ ಕಳೆದುಕೊಂಡು, ಅತ್ತೆಯ ಮನೆಯಲ್ಲಿ ತಲೆ ತಗ್ಗಿಸಿ ಮುದ್ದೆ ನುಂಗಿದವನು. ಇಲ್ಲಿ ಸೇರಿಸಿಕೊಳ್ಳುವಾಗಲೇ ಯಜಮಾನ ಪರಮೇಶಣ್ಣ ಎಚ್ಚರಿಸಿದ್ದರು: ಡ್ಯೂಟಿಯಲ್ಲಿರುವವನು ಕುಡಿಯುವುದು ಕಾನೂನಿಗೆ ವಿರುದ್ಧ, ಕುಡಿದರೆ ಅವನ ಕೆಲಸದ ಜೊತೆ ತಮ್ಮ ಲೈಸೆನ್ಸೂ ಹೋದೀತು. ಅಂದಿನಿಂದ ತಿಪ್ಪೇರುದ್ರನು ಮದ್ಯಸಾಗರದ ನಟ್ಟನಡುವೆ ಒಣದ್ವೀಪದಂತೆ ಬಾಳುತ್ತಿದ್ದನು.

ಹೀಗಿರಲು ಒಂದು ಮಧ್ಯಾಹ್ನ, ಜಲ್ಲಿ-ಸಿಮೆಂಟು-ಡಾಂಬರುಗಳ ಅಧಿಪತಿಯಾದ ಕಾಂಟ್ರಾಕ್ಟರ್ ಓಂಕಾರಪ್ಪನು ವೋಡ್ಕಾ, ಕಬಾಬು, ಒಂದು ಗ್ಲಾಸು ನೀರು ತರಿಸಿ, ಫೋನಿನಲ್ಲಿ ಮಾತಾಡುತ್ತಲೇ ಒಂದು ಗುಟುಕು ಹೀರಿ, ಗ್ಲಾಸನ್ನು ಮೇಜಿಗೆ ಕುಟ್ಟಿ, ಇದು ಬರೀ ನೀರೆಂದು ಗರ್ಜಿಸಿದನು. ತಾನು ಕಟ್ಟಿಸಿದ ಸೇತುವೆಗಳನ್ನೂ, ಅವುಗಳಲ್ಲಿ ಇನ್ನೂ ನಿಂತಿರುವವನ್ನೂ ಹೆಸರಿಸಿ, ಇಂಥವನಿಗೆ ಮೋಸವೇ ಎಂದು ಕೇಳಿದನು. ಕೊನೆಗೆ ಬ್ರಹ್ಮಾಸ್ತ್ರವನ್ನೇ ಬಿಟ್ಟನು.

"ನೀರಲ್ಲ ಅಂದ್ರೆ ನೀನೇ ಒಂದು ಗುಟುಕು ಕುಡಿದು ಹೇಳು."

"ಡ್ಯೂಟೀಲಿ ಕುಡಿಯಂಗಿಲ್ಲ ಸಾರ್."

ಗದ್ದಲಕ್ಕೆ ಪರಮೇಶಣ್ಣ ಗಲ್ಲಾ ಬಿಟ್ಟು ಓಡಿಬಂದರು. ತುಂಬಿದ ಬಾರಿನಲ್ಲಿ ಮಾನ ಹರಾಜಾಗುವುದನ್ನು ಕಂಡು, ಕಾನೂನು ಬೋಧಿಸಿದ ಆ ಬಾಯಿಂದಲೇ, ಒಂದು ತೊಟ್ಟು ತಾನೇ, ಕುಡಿದುಬಿಡು ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು.

ಈಗ ತಿಪ್ಪೇರುದ್ರನಿಗೆ ಕುಡಿಯಲು ಯಜಮಾನನ ಅಪ್ಪಣೆಯೇ ಸಿಕ್ಕಿದೆ. ಆಸೆ ಅತ್ತ ಎಳೆಯಿತು, ಅತ್ತೆಮನೆಯ ಮುದ್ದೆ ಇತ್ತ ಎಳೆಯಿತು. ಗ್ಲಾಸಿನವರೆಗೂ ಹೋದ ಕೈಯನ್ನು ಅವನು ಮೂಲೆಯ ಸಿಸಿ ಕ್ಯಾಮೆರಾದತ್ತ ಚಾಚಿದನು.

"ಆ ಕ್ಯಾಮೆರಾ ನೋಡ್ಕೊಂಡು ಇನ್ನೊಂದ್ಸಲ ಹೇಳಿ ಯಜಮಾನ್ರೆ, ಕುಡೀತೀನಿ."

ಪರಮೇಶಣ್ಣ ಕ್ಯಾಮೆರಾ ನೋಡಿದರು, ಕೆಮ್ಮಿದರು, ಎರಡು ಹೆಜ್ಜೆ ಹಿಂದೆ ಸರಿದರು.

ಆಗ ವೀರನಿಗೆ ಹೊಳೆಯಿತು: ಕಾನೂನು ಕಟ್ಟಿಹಾಕಿರುವುದು ನಾಲಿಗೆಯನ್ನು, ಮೂಗನ್ನಲ್ಲ. ಬಾಗಿ ಗ್ಲಾಸನ್ನು ಮೂಸಿದನು. ನೀರು. ನಿಜಕ್ಕೂ ಬರೀ ನೀರು. ಅಷ್ಟರಲ್ಲಿ ಆ ಸುಶಿಕ್ಷಿತ ನಾಸಿಕಕ್ಕೆ ಪಕ್ಕದ ಗ್ಲಾಸಿನಿಂದ ಬೇರೊಂದು ಗಂಧ ತಾಗಿತು. ಅದರಲ್ಲಿ ಕೆಂಪು ಮಸಾಲೆ ತೇಲುತ್ತಿತ್ತು. ಫೋನಿನ ಮಾತಿನ ಭರದಲ್ಲಿ ಮಹಾರಥಿ ಓಂಕಾರಪ್ಪನು ಕಬಾಬಿನ ಬೆರಳುಗಳನ್ನು ವೋಡ್ಕಾದಲ್ಲಿ ಅದ್ದಿ ತೊಳೆದು, ಕುಡಿಯುವ ನೀರನ್ನೇ ವೋಡ್ಕಾ ಎಂದು ಹೀರಿದ್ದನು.

ತಿಪ್ಪೇರುದ್ರನು ಇದನ್ನು ಬೇರೆ ಯಾರಿಗೂ ಕೇಳಿಸದಂತೆ ಗಿರಾಕಿಗೆ ತಿಳಿಸಿ, ಆ ಮಸಾಲೆ ತೇಲುವ ವೋಡ್ಕಾದ ಗ್ಲಾಸನ್ನು ಮುಂದೆ ಸರಿಸಿದನು. ಓಂಕಾರಪ್ಪನು ಎಡಕ್ಕೆ ನೋಡಿದನು, ಬಲಕ್ಕೆ ನೋಡಿದನು, ಬಳಿಕ ಗಂಭೀರವದನನಾಗಿ ಅದನ್ನೆತ್ತಿ ಪೂರ್ತಿ ಕುಡಿದನು.

"ಉಪ್ಪು ಸ್ವಲ್ಪ ಜಾಸ್ತಿ ಆಗಿದೆ," ಎಂದನು.