ಗ್ಯಾರೇಜಿನ ಮೇಲೆ ನಿಲ್ಲದ ನೀರು

ಬೆಳಿಗ್ಗೆ ಹಾಲು ಕಾಸಿದೆ, ಅಂಗಳ ಗುಡಿಸಿದೆ, ಅತ್ತೆಯವರ ಬಿ.ಪಿ. ಗುಳಿಗೆ ಹುಡುಕಿ ಕೊಟ್ಟೆ, ಇಸ್ತ್ರಿಗೆ ಬಟ್ಟೆ ಎಣಿಸಿ ಹಾಕಿದೆ, ಆಮೇಲೆ ಗ್ಯಾರೇಜಿನೊಳಗೆ ಹೋಗಿ ಕುತ್ತಿಗೆ ನೋಯುವವರೆಗೆ ಸ್ಲ್ಯಾಬು ನೋಡುತ್ತ ನಿಂತೆ. ಈ ಕೊನೆಯ ಕೆಲಸ ಈಚೆಗೆ ದಿನವೂ ನಡೆದಿದೆ. ದೇವರ ಮುಂದೆ ಕೂಡ ನಾನು ಇಷ್ಟು ಭಕ್ತಿಯಿಂದ ನಿಂತಿದ್ದು ನೆನಪಿಲ್ಲ.

ನವನಗರದ ನಮ್ಮ ಮನೆಗೆ ಗ್ಯಾರೇಜು ಇದೆ, ಕಾರಿಲ್ಲ. ಬಂದೇ ಬರುತ್ತದೆಂದು ನಮ್ಮ ಮನೆಯವರು ಮೊದಲೇ ಕಟ್ಟಿಸಿಬಿಟ್ಟರು. ಕಾರಿನ ಬದಲು ಬಂದವಳು ಶಿರಗುಪ್ಪಿಯ ಶಾಂತಕ್ಕ. ಗಂಡ ತೀರಿಕೊಂಡ ಮೇಲೆ ಅಲ್ಲಿ ಒಲೆ ಹೂಡಿ, ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಸಂಸಾರವೆಲ್ಲ ಆ ಹಂಚಿನ ಮೇಲೆಯೇ ನಡೆಯಬೇಕು. ಖಡಕ್ ರೊಟ್ಟಿಗೆ ತೇವ ಎಂದರೆ ಹುಟ್ಟು ವೈರಿ. ಹೋದ ಮಳೆಗಾಲದಲ್ಲಿ ಸ್ಲ್ಯಾಬು ಸೋರಿ ಒಂದು ಬುಟ್ಟಿ ರೊಟ್ಟಿ ಮೆತ್ತಗಾಗಿ, ಕಂಬಳಿಯ ಹಾಗೆ ಮಡಚಲು ಬರುವಂತಾಯಿತು. ಖಾನಾವಳಿಯವರು, "ಇವನ್ನ ಹೊತ್ಕೊಂಡ ಮಲಗ್ರಿ" ಎಂದು ವಾಪಸು ಕಳಿಸಿದರು. ಈ ಸಲವೂ ಸೋರಿದರೆ ತಾರಿಹಾಳದ ಕಡೆ ಒಂದು ತಗಡಿನ ಶೆಡ್ಡಿಗೆ ಹೋಗುವುದೆಂದು ಶಾಂತಕ್ಕ ಮಾತಾಡಿಕೊಂಡಿದ್ದಳು. "ನಿಮ್ಮನ್ನ ಬಿಟ್ಟ ಹೋಗಾಕ ಮನಸಿಲ್ರಿ ಅಕ್ಕಾರ. ಆದ್ರ ರೊಟ್ಟಿ ನನ್ನ ಮಾತ ಕೇಳಂಗಿಲ್ಲ್ರಿ" ಎಂದಳು. ಅವಳಿಲ್ಲದ ಗ್ಯಾರೇಜನ್ನು ನಾನು ಊಹಿಸಿಕೊಳ್ಳಲಾರೆ. ಆ ಪಟಪಟ ಸದ್ದಿಲ್ಲದಿದ್ದರೆ ನನಗೆ ಬೆಳಗಾಗಿದ್ದೇ ತಿಳಿಯುವುದಿಲ್ಲ.

ಹಾಗಾಗಿ ಗೌಂಡಿ ಮೌಲಾಸಾಬನನ್ನು ಕರೆಸಿದೆವು. ನಮ್ಮ ಮನೆಯವರು ಒಂದು ವರ್ಷ ಡಾಂಬರು ಬಳಿದು, ಇನ್ನೊಂದು ವರ್ಷ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡಿದ ಪ್ರಯೋಗಗಳನ್ನೆಲ್ಲ ಅವನು ಕೆರೆದು ತೆಗೆದ. ಬಿರುಕಿಗೆ ಸಿಮೆಂಟು ತುಂಬಿ, ಜಾಳಿಗೆ ಬಟ್ಟೆ ಹಾಸಿ, ಮೇಲೆ ಬಿಳಿಯ ಕೆಮಿಕಲ್ ಬಳಿದ. ಅದು ಒಣಗಿದ ಮೇಲೆ ನೀರು ಹೋಗುವ ಪೈಪಿಗೆ ಅರಿವೆ ಬಿಗಿದು, ಟ್ಯಾಂಕರಿನಿಂದ ನೀರು ತುಂಬಿಸಿ, ನಿಂತ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆದ. "ಎರಡ ದಿನ ಯಾರೂ ಮುಟ್ಟಬ್ಯಾಡ್ರಿ. ನೀರ ಇಳೀತಂದ್ರ ಮತ್ತ ಎಲ್ಲಾ ಕೆರೀಬೇಕು. ಅಷ್ಟರಾಗ ಮಳಿ ಹಿಡಕೋತೈತಿ" ಎಂದು ಹೇಳಿಯೇ ಹೋದ.

ನಮ್ಮ ಓಣಿಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಮುಖ ತೋರಿಸುವ ನೆಂಟ. ಬಂದ ದಿನ ಚಮಚೆಯೊಂದನ್ನು ಬಿಟ್ಟು ಮನೆಯ ಎಲ್ಲ ಪಾತ್ರೆ ತುಂಬುತ್ತವೆ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ಒಂದೇ ತಂಬಿಗೆ ನೀರಿಗೆ ಮೂರು ಜನ್ಮ ಕಾಣಿಸುವವರು ನಾವು. ಅಂಥವರ ಕಣ್ಣೆದುರಿಗೆ, ಹೊರಮೆಟ್ಟಿಲ ಅರ್ಧಕ್ಕೆ ನಿಂತರೆ ಕೈಗೆ ಸಿಗುವಂತೆ, ಅಷ್ಟೊಂದು ನೀರು ಏನೂ ಕೆಲಸವಿಲ್ಲದೆ ಆಕಾಶ ನೋಡುತ್ತ ಬಿದ್ದಿತ್ತು.

ಮರುದಿನ ಸಂಜೆಗೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗೆ! ಶಾಂತಕ್ಕ ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸಿ ಹಗ್ಗ ಹುಡುಕಲು ತೊಡಗಿದಳು. ನನಗೆ ಅಳು ಬಂದಂತಾಗಿ ಮೌಲಾಸಾಬನಿಗೆ ಫೋನು ಮಾಡಿದೆ. ಅವನು ಬಂದು ಕೆಳಗೆ ನೋಡಿದ, ಮೇಲೆ ನೋಡಿದ, ಮತ್ತೆ ಕೆಳಗೆ ನೋಡಿದ.

"ಕೆಳಗ ಒಂದ ಹನಿ ಪಸಿ ಇಲ್ಲ್ರಿ ಅಕ್ಕಾರ. ನೀರೇನ ರೆಕ್ಕಿ ಬಡಕೊಂಡ ಹಾರಿ ಹೋತೇನ್ರಿ?"

ಅಷ್ಟರಲ್ಲಿ ಅತ್ತೆಯವರು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದರು. "ಒಂಚೂರ ಸರಿಯೋ ಮೌಲಾಸಾಬ. ಚಾದರ ನೆನಿ ಇಟ್ಟೇನಿ, ಇನ್ನೊಂದ ಬಕೀಟ ಬೇಕು."

"ಅಯ್ಯ ಅಮ್ಮಾರ, ಅದು ಟೆಸ್ಟಿನ ನೀರ್ರೀ!"

"ಟೆಸ್ಟ ಮುಗದ ಮ್ಯಾಲ ಹ್ಯಾಂಗೂ ಗಟಾರಕ್ಕ ಬಿಡಾಂವ. ಮೊದಲ ತಗೊಂಡ್ರ ನಿನ್ನ ಗಂಟೇನ ಹೋಕ್ಕೈತಿ?"

ಮೌಲಾಸಾಬ ಹಣೆ ಹಿಡಿದು ಮೆಟ್ಟಿಲ ಮೇಲೆ ಕುಳಿತ. "ಆದ್ರೂ ಅಮ್ಮಾರ ಒಬ್ಬರ ಇಷ್ಟ ಒಯ್ಯಾಕ ಆಗಂಗಿಲ್ಲ" ಎಂದ.

ಶಾಂತಕ್ಕ ಸೆರಗಿನ ತುದಿ ತಿರುವಿದಳು. "ಬುಟ್ಟಿ ತೊಳ್ಯಾಕ ನಾನೂ ಎರಡ ಕೊಡಾ ತಗೊಂಡಿದ್ನಿ. ಎರಡ ಕೊಡಕ್ಕ ಏನಾಗತೈತಿ ಅಂತ..."

ಇಬ್ಬರಿಗೂ ಸರಿಯಾಗಿ ಬುದ್ಧಿ ಹೇಳೋಣವೆಂದು ನಾನು ಬಾಯಿ ತೆರೆದೆ. ಎಲ್ಲರ ಕಣ್ಣು ನನ್ನ ಹಿಂದಿದ್ದ ಬಟ್ಟೆ ಒಣಹಾಕುವ ಹಗ್ಗದ ಕಡೆ ಹೋಯಿತು. ಇಡೀ ಮನೆಯ ಪರದೆಗಳು ಅಲ್ಲಿ ತೊಟತೊಟ ತೊಟ್ಟಿಕ್ಕುತ್ತಿದ್ದವು. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದೆ.

"ಈಗ ಪಾಸಂತನೂ ಹೇಳಾಕ ಬರಂಗಿಲ್ಲ, ಫೇಲಂತನೂ ಹೇಳಾಕ ಬರಂಗಿಲ್ಲ. ಇನ್ನ ಮಳಿನ ಹೇಳಬೇಕು" ಎಂದು ಮೌಲಾಸಾಬ ಪೈಪಿನ ಅರಿವೆ ಕಿತ್ತುಕೊಂಡು ಹೋದ. ಶಾಂತಕ್ಕ ಜೋಡಿಸಿದ ಬುಟ್ಟಿಗಳನ್ನು ಬಿಡಿಸಲಿಲ್ಲ, ಹಗ್ಗದಿಂದ ಕಟ್ಟಲೂ ಇಲ್ಲ. ಅಂದಿನಿಂದ ನನ್ನ ಸ್ಲ್ಯಾಬು ದರ್ಶನ ಶುರುವಾಗಿದ್ದು.

ಇವತ್ತು ಮಧ್ಯಾಹ್ನ ಮಳೆ ಬಂತು. ಬಂತೆಂದರೆ, ಎದುರಿನ ಮನೆ ಕಾಣಿಸಲಿಲ್ಲ. ಮೂವರೂ ಗ್ಯಾರೇಜಿನಲ್ಲಿ ಕುಳಿತೆವು. ಅತ್ತೆಯವರು ಒಳಗೇ ಕೊಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತರು. ನಾನು ಮಾಡಿಸಿದ ಕೆಲಸದ ಮೇಲೆ ಅವರಿಗೆ ಎಂದೂ ಪೂರ್ತಿ ನಂಬಿಕೆಯಿಲ್ಲ. ಮಳೆ ಬಹಳ ಹೊತ್ತು ಹೊಡೆದರೂ ಒಳಗೆ ಒಂದು ಹನಿಯೂ ಬೀಳಲಿಲ್ಲ. ಶಾಂತಕ್ಕ ಅಂಗೈಗೆ ಒಣ ಹಿಟ್ಟು ಸವರಿಕೊಂಡು ಸ್ಟೂಲು ಹತ್ತಿ, ಹೋದ ವರ್ಷ ಸೋರಿದ ಜಾಗಕ್ಕೆ ಒತ್ತಿದಳು. ಐದೂ ಬೆರಳು ಅಲ್ಲಿ ಬೆಳ್ಳಗೆ ಮೂಡಿ ಹಾಗೆಯೇ ಉಳಿದವು, ಒದ್ದೆಯಾಗಲಿಲ್ಲ. ಕೆಳಗಿಳಿದವಳು ನಮ್ಮ ಮುಖ ನೋಡದೆ, "ಒಲಿ ಹಚ್ಚತೇನ್ರಿ" ಎಂದಳು. ಅತ್ತೆಯವರು ಕೊಡೆ ಮಡಚಿದರು.

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎಲ್ಲರೂ ಒಂದೊಂದು ರೊಟ್ಟಿ ಹೆಚ್ಚೇ ತಿಂದೆವು. ಮೊದಲು ನಿದ್ದೆ ಹೋದವಳು ಶಾಂತಕ್ಕ, ಗೋಡೆಗೆ ಒರಗಿದಲ್ಲೇ. ಆಮೇಲೆ ಅತ್ತೆಯವರು ಕುರ್ಚಿಯಲ್ಲಿ. ನಾನೂ ಚಾಪೆ ಹಾಸಿ ಮಲಗಿದ್ದೆ. ಆದರೆ ಪೈಪಿನಿಂದ ಅಷ್ಟು ಒಳ್ಳೆಯ ನೀರು ಧೋ ಎಂದು ಗಟಾರಕ್ಕೆ ಹೋಗುವುದನ್ನು ಕೇಳುತ್ತ ಯಾರಿಗೆ ಕಣ್ಣು ಮುಚ್ಚೀತು? ಎದ್ದು ಹೋಗಿ ಬಕೆಟ್ಟು ಇಟ್ಟೆ, ಕೊಡ ಇಟ್ಟೆ, ಕೊನೆಗೆ ಶಾಂತಕ್ಕನ ಹಿಟ್ಟು ನಾದುವ ಪರಾತವನ್ನೂ ಸದ್ದಾಗದಂತೆ ಒಯ್ದು ಇಟ್ಟೆ.